ಕನ್ನಡಕದಂಗಡಿ ಐನಾರನ ಎಡಗಣ್ಣು

ಲಾಂಗೆಲ್ಯಾಂಡ್ ದ್ವೀಪದಲ್ಲಿ ಯಾರ ಮೂಗಿನ ಮೇಲೆ ಕನ್ನಡಕ ಕೂತಿದ್ದರೂ ಅದನ್ನು ಕೂರಿಸಿದವನು ಐನಾರ್ ಬ್ರೋಸ್ಗೋರ್. ಮೂವತ್ತೆರಡು ವರ್ಷದ ಅನುಭವ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವುದನ್ನು ನೋಡಿಯೇ ಅವನ ಕಣ್ಣಿನ ಜಾತಕ ಹೇಳಬಲ್ಲೆ ಎನ್ನುತ್ತಿದ್ದ. ಹೇಳಿದ್ದು ತಪ್ಪಿದರೆ ದೋಷ ಮೆಟ್ಟಿಲಿನದು.

ಅಂಥ ಜ್ಞಾನಿಯ ಅಂಗಡಿಗೆ ಹೊಸದಾಗಿ ಪಾಲುದಾರಳಾಗಿ ಬಂದ ಸೀನೆ ಒಂದು ಸ್ಕ್ಯಾನರ್ ತರಿಸಿದಳು. ಕಣ್ಣಿನ ಹಿಂದಿನ ನರ, ಪದರಗಳನ್ನೆಲ್ಲ ಈರುಳ್ಳಿ ಹೆಚ್ಚಿದ ಹಾಗೆ ತೆಳುವಾಗಿ ಬಿಡಿಸಿ ತೋರಿಸುವ ಯಂತ್ರ. ಸರಿಯಿದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು.

“ಸಿಗ್ನಲ್ ದೀಪ ತಂದಿಟ್ಟಿದೀಯಲ್ಲೇ ಮಾರಾಯ್ತಿ,” ಎಂದ ಐನಾರ್. “ನಮ್ಮ ಬೀದಿಗೇ ಒಂದಿಲ್ಲ.”

“ಗದ್ದ ಇಡು, ಬಾಯಿ ಮುಚ್ಚು. ಮೊದಲನೇ ಗಿರಾಕಿ ನೀನೇ.”

ಬಲಗಣ್ಣು ಹಸಿರು. ಎಡಗಣ್ಣು ಟೊಮ್ಯಾಟೊ ಹಣ್ಣಿನಷ್ಟು ಕೆಂಪು.

ಐನಾರ್ ತಕ್ಷಣ ರೋಗ ಪತ್ತೆ ಹಚ್ಚಿದ. “ಯಂತ್ರ ಕೆಟ್ಟಿದೆ.”

ಸೀನೆ ನಗಲಿಲ್ಲ. “ನರ ಸವೆದಿದೆ, ಐನಾರ್. ಗ್ಲಾಕೋಮಾ ಇರಬಹುದು. ಹೀಗೇ ಬಿಟ್ರೆ ಕಣ್ಣು ಹೋಗುತ್ತೆ. ಹೋದದ್ದು ಮತ್ತೆ ಬರಲ್ಲ.”

“ಏನಮ್ಮಾ, ಕಡೇ ಸಾಲು ಓದ್ತೀನಿ ನಾನು!” ಎಂದವನೇ ಅಕ್ಷರಗಳನ್ನು ಪಟಪಟನೆ ಒಪ್ಪಿಸಿದ.

“ಅಕ್ಷರದ ಪಟ ನಿನ್ನ ಬೆನ್ನ ಹಿಂದಿದೆ.”

ಎಡವಟ್ಟು ಮಾಡಿದವರು ಎಲ್ಲರಿಗೂ ಕೇಕ್ ತರಬೇಕೆನ್ನುವುದು ಅಲ್ಲಿನ ಪ್ರತಿ ಅಂಗಡಿ, ಕಚೇರಿಯ ಕಾನೂನು. ಐನಾರ್ ಯಂತ್ರದ ಕಂಪನಿಗೇ ಫೋನ್ ಮಾಡಿ, “ನಿಮ್ಮ ಯಂತ್ರ ಎಡವಟ್ಟು ಮಾಡಿದೆ, ಕೇಕ್ ಕಳಿಸಿ,” ಎಂದ. ಬೇರೆಯವರನ್ನು ಕೂರಿಸಿ ನೋಡಿ ಎಂದರು ಕಂಪನಿಯವರು. ಮೀನಂಗಡಿಯವನನ್ನು ಕೂರಿಸಿದ, ಹಸಿರು. ಅಂಚೆಯವಳನ್ನು ಕೂರಿಸಿದ, ಹಸಿರು. ತಾನು ಮೂರು ಸಲ ಕೂತ. ಮೂರು ಸಲವೂ ಕೆಂಪು. ಯಂತ್ರಕ್ಕೆ ತನ್ನ ಮೇಲೆ ವೈಯಕ್ತಿಕ ದ್ವೇಷವಿದೆ ಎಂದು ತೀರ್ಮಾನಿಸಿ ಮನೆಗೆ ಹೋದ.

ಮರುದಿನ ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಸುಮ್ಮನೆ ಬಲಗಣ್ಣು ಮುಚ್ಚಿಕೊಂಡು ಎದುರು ಕೂತ ಹೆಂಡತಿಯ ಮೂಗನ್ನೇ ದಿಟ್ಟಿಸಿದ. ಮೂಗು ಸ್ಪಷ್ಟವಾಗಿತ್ತು.

“ಬಿರ್ಥೆ, ಮೇಲಿನ ದೀಪ ತೆಗೆಸಿದ್ಯಾ?”

“ನನ್ನ ತಲೆ ಮೇಲೇ ನೇತಾಡ್ತಿದೆಯಲ್ಲೋ, ಮದುವೆ ಆದಾಗಿಂದ. ಯಾಕೆ ಕಣ್ಣು ಹೊಡೀತಿದೀಯಾ ಈ ವಯಸ್ಸಲ್ಲಿ?”

ಐನಾರ್ ಬಲಗಣ್ಣು ತೆರೆದ. ದೀಪ ಅಲ್ಲೇ ನೇತಾಡುತ್ತಿತ್ತು.

ಅವನು ಅಂಗಡಿಗೆ ಬಂದದ್ದು ಬೇಕರಿಯ ಡಬ್ಬಿ ಹಿಡಿದುಕೊಂಡು. ಸೀನೆ ಯಾವ ಎಡವಟ್ಟು ಎಂದು ಕೇಳಲಿಲ್ಲ. ದೊಡ್ಡ ಹೋಳನ್ನು ಅವನಿಗೇ ಕೊಟ್ಟು, ಕಣ್ಣಿನ ಡಾಕ್ಟರಿಗೆ ಚೀಟಿ ಬರೆದಳು.

ಡಾಕ್ಟರು ಒತ್ತಡ ಅಳೆದರು, ಸ್ಕ್ಯಾನಿನ ಚಿತ್ರ ನೋಡಿದರು. ಹೋದಷ್ಟು ಹೋಯಿತು; ದಿನವೂ ತಪ್ಪದೆ ಔಷಧಿಯ ಹನಿ ಬಿಟ್ಟುಕೊಂಡರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದರು. ಆಮೇಲೆ ತಲೆಯೆತ್ತಿ ಕೇಳಿದರು:

“ಇದು ಶುರುವಾಗಿ ವರ್ಷಗಳೇ ಆಗಿವೆ. ಇಷ್ಟು ದಿನ ನಿಮ್ಮ ಕಣ್ಣು ನೋಡ್ತಿದ್ದದ್ದು ಯಾರು?”

“ನಮ್ಮೂರಿನ ಕನ್ನಡಕದಂಗಡಿಯ ಒಬ್ಬ ಹಳಬ,” ಎಂದ ಐನಾರ್. “ಮನುಷ್ಯ ಒಳ್ಳೆಯವನೇ. ಈಗ ಅವನ ಹತ್ರ ತೋರಿಸೋದು ಬಿಟ್ಟಿದೀನಿ.”