ಅಂಕಲ್ ಹಿಂದಕ್ಕೆ ಸಾಗಿಸಿದ ಭಾರ

ಅಮೆರಿಕದ ಡುಲುತ್‌ನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್, ಯಾರು ಏನು ಹೇಳಹೊರಟರೂ ಅಂಗೈ ಎತ್ತಿ ತಡೆದು, "ನಂಗೊತ್ತು ಬಿಡಪ್ಪ" ಎನ್ನುತ್ತಿದ್ದರು. ಕೋವಿಡ್ ಕಾಲದಲ್ಲಿ ಹೋಟೆಲ್ ಸಹವಾಸ ಬೇಡವೆಂದು, ಕಾರಿನ ಹಿಂದೆ ಎಳೆದೊಯ್ಯುವ ಮನೆಯಂಥ ಟ್ರೇಲರ್ ಕೊಂಡರು.

ರಾಲಿ ನಗರಕ್ಕೆ ಹೊರಟ ಬೆಳಿಗ್ಗೆ ಆಂಟಿ ಗ್ರೈಂಡರ್, ಅಕ್ಕಿ ಮೂಟೆ, ನೀರಿನ ಕ್ಯಾನುಗಳನ್ನೆಲ್ಲ ಟ್ರೇಲರಿನ ಮುಂಭಾಗದಲ್ಲಿ ಜೋಡಿಸಿದ್ದರು. ಕಾರಿಗೆ ಸಿಕ್ಕಿಸಿದ್ದ ಕೊಂಡಿಯ ಮೇಲೆ ಭಾರ ಬಿದ್ದು ಕಾರಿನ ಹಿಂಭಾಗ ತುಸು ತಗ್ಗಿತು. ಅಂಕಲ್‌ಗೆ ಅದು ಅವಮಾನವಾಗಿ ಕಂಡಿತೋ ಏನೋ, ಎಲ್ಲವನ್ನೂ ಟ್ರೇಲರಿನ ಹಿಂದಿನ ತುದಿಗೆ ಸಾಗಿಸಿದರು.

"ಅಂಕಲ್, ಕೊಂಡಿ ಮೇಲಿನ ಭಾರ ಲಿಮಿಟ್ ದಾಟಬಾರ್ದು, ನಿಜ. ಆದ್ರೆ ತೀರಾ ಕಮ್ಮಿಯಾದ್ರೆ ಟ್ರೇಲರ್ ಓಲಾಡತ್ತೆ," ಎಂದೆ.

"ನಂಗೊತ್ತು ಬಿಡಪ್ಪ. ಕಾರ್ ಈಗ ಹೆಂಗೆ ಲೆವೆಲ್ಲಾಗಿ ನಿಂತಿದೆ ನೋಡು!"

ಹೈವೇ ಇಳಿಜಾರಿನಲ್ಲಿ ಟ್ರೇಲರ್ ಎಡಕ್ಕೂ ಬಲಕ್ಕೂ ತೂರಾಡಿ ಕಾರನ್ನೇ ಹಳ್ಳಕ್ಕೆ ಎಳೆಯಿತು. ಆಂಟಿಯ ಬಲಗೈ ಮುರಿಯಿತು.

ನೋಡಲು ಹೋದಾಗ ಅಂಕಲ್ ಹೇಳುತ್ತಿದ್ದರು: "ಗ್ರೈಂಡರ್ ಬೇಕೇ ಬೇಕು ಅಂತ ಇವಳದ್ದೇ ಹಠ. ಅದ್ರಿಂದಾನೇ ಇಷ್ಟೆಲ್ಲ ಆಗಿದ್ದು."

"ಅದನ್ನ ಹಿಂದಕ್ಕೆ ಸಾಗಿಸಿದ್ದು ನೀವಲ್ವಾ?" ಎಂದೆ.

ಅಂಗೈ ಮೇಲೆದ್ದಿತು. ಅಷ್ಟರಲ್ಲಿ ಆಂಟಿ, ಬಲಗೈ ಕೊರಳಿನ ಪಟ್ಟಿಯಲ್ಲಿ ತೂಗುತ್ತಿರಲು, ಕಾಫಿ ತಂದು ಅವರ ಮುಂದೆ ಹಿಡಿದರು. ಅಂಕಲ್ ಲೋಟ ಮುಟ್ಟಲಿಲ್ಲ.

"ಎಡಗೈಲಿ ಕೊಡ್ತೀಯೇನೇ?" ಎಂದರು.