ಹನ್ನೆರಡು ಕಡ್ಡಿಯ ಕಟ್ಟು

ಮೊನ್ನೆ ನಾನು ಹಪ್ಪಳ ಎಣಿಸುತ್ತಿದ್ದಾಗ ನಿಮ್ಮಲ್ಲಿ ದೊಡ್ಡವಳು ನನ್ನ ಕೈ ಹಿಡಿದು, "ಅಜ್ಜಿ, ಯೇ ಕ್ಯಾ ಕರ್ ರಹೀ ಹೋ?" ಇದೇನು ಮಾಡುತ್ತಿದ್ದೀ ಎಂದು ಹಿಂದಿಯಲ್ಲಿ ಕೇಳಿದಳು. ಹೆಬ್ಬೆರಳನ್ನು ಉಳಿದ ಬೆರಳುಗಳ ಗೆರೆಗಳ ಮೇಲೆ ಓಡಿಸುತ್ತ ಎಣಿಸುವುದು ನನಗೆ ನನ್ನ ಅವ್ವನಿಂದ ಬಂದ ಅಭ್ಯಾಸ. ಬೆರಳಿಗೆ ಮೂರು ಗೆರೆ, ನಾಲ್ಕು ಬೆರಳಿಗೆ ಹನ್ನೆರಡು. ಹೊಲಕ್ಕೆ ಬುತ್ತಿ ಕಟ್ಟುವಾಗ ಅವ್ವ 'ಒಂದು ಕೈ ರೊಟ್ಟಿ' ಎಂದರೆ ಹನ್ನೆರಡು ರೊಟ್ಟಿ ಎಂದರ್ಥ. ಅಂದು ನಾನು ನಕ್ಕು ಸುಮ್ಮನಾದೆ. ಆದರೆ ಇದೇ ಎಣಿಕೆಯಿಂದ ಒಂದು ದಿನ ನಾನು ಎಷ್ಟು ಹೆದರಿದ್ದೆ ಎಂಬುದನ್ನು ನಿಮಗೆ ತಿಳಿಸಬೇಕೆನಿಸಿದೆ. ಎದುರಿಗೆ ಕೂತು ಹೇಳಲು ನನಗೆ ಬಾರದು, ಬರೆಯುತ್ತೇನೆ. ಕನ್ನಡ ಓದಲು ಕಷ್ಟವಾದರೆ ನಿಮ್ಮಪ್ಪ ಓದಿ ಹೇಳಲಿ.

ನಿಮ್ಮ ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ನಾವು ಠಾಣೆ ಶಹರದ ಕೋಪರಿಯಲ್ಲಿ ಒಂದು ಚಾಳಿನಲ್ಲಿದ್ದೆವು. ನಿಮ್ಮಪ್ಪ ಏಳನೆಯ ತರಗತಿ. ನಾನು ಶಿಕ್ಷಕರ ತರಬೇತಿಗೆ ಸೇರಿದ್ದೆ. ಜೊತೆಯಲ್ಲಿದ್ದ ಹುಡುಗಿಯರೆಲ್ಲ ನನ್ನ ಅರ್ಧ ವಯಸ್ಸಿನವರು. ಅವರು ನನ್ನನ್ನು ಆಂಟಿ ಎನ್ನುತ್ತಿದ್ದರು, ನಾನು ಅವರ ಹಿಂದೆ ನಿಲ್ಲುತ್ತಿದ್ದೆ. ಪರೀಕ್ಷಕರೆದುರು ಮಕ್ಕಳಿಗೆ ಮಾಡಿ ತೋರಿಸಬೇಕಾದ ಗಣಿತ ಪಾಠಗಳಲ್ಲಿ ನನ್ನ ಮೊದಲನೆಯದು ಫೇಲಾಗಿತ್ತು. 'ಧ್ವನಿ ಹಿಂದಿನ ಬೆಂಚಿಗೆ ಕೇಳಿಸುವುದಿಲ್ಲ' ಎಂದು ನನ್ನ ಪಾಠದ ವಹಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು. ಎರಡನೆಯ ಪಾಠವೂ ಹೋದರೆ ಕೋರ್ಸು ಬಿಡಬೇಕು, ಮೂರನೆಯ ಅವಕಾಶವಿಲ್ಲ ಎಂದು ಆಫೀಸಿನಲ್ಲಿ ಹೇಳಿ ಕಳಿಸಿದ್ದರು.

ಎರಡನೆಯ ಪಾಠ ತುರ್ಭೆಯ ಒಂದು ಕನ್ನಡ ಶಾಲೆಯಲ್ಲಿ, ಮೂರನೆಯ ತರಗತಿಗೆ. ದಶಕ ಬಿಡಿಸಿ ಕಳೆಯುವ ಲೆಕ್ಕ. ನಲವತ್ತೆರಡರಲ್ಲಿ ಹದಿನೇಳು. ಕಲಿಸಲು ಕಸಬರಿಗೆ ಕಡ್ಡಿಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಹತ್ತತ್ತರ ಕಟ್ಟು ಮಾಡಿ, ರಬ್ಬರು ಹಾಕಿಟ್ಟುಕೊಂಡಿದ್ದೆ. ನಾಲ್ಕು ಕಟ್ಟು, ಮೇಲೆ ಒಂದಷ್ಟು ಬಿಡಿ ಕಡ್ಡಿ.

ಆ ದಿನ ಬೆಳಗ್ಗೆ ಠಾಣೆಯಲ್ಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತುವಾಗ ಯಾರದೋ ಮೊಣಕೈ ನನ್ನ ಚೀಲಕ್ಕೆ ಬಡಿಯಿತು. ಒಂದು ಕಟ್ಟಿನ ರಬ್ಬರು ಹರಿದು ಕಡ್ಡಿಗಳು ಕಾಲುಗಳ ನಡುವೆ ಚೆಲ್ಲಿದವು. ಹೆಂಗಸರು ಬಗ್ಗಿ ಆರಿಸಿಕೊಟ್ಟರು. ಒಬ್ಬಾಕೆ ಮರಾಠಿಯಲ್ಲಿ, ಕಸಬರಿಗೆಯನ್ನು ಬಿಡಿಬಿಡಿಯಾಗಿ ಯಾಕೆ ಒಯ್ಯುತ್ತೀರಿ, ಇಡಿಯಾಗಿ ಒಯ್ಯಬಾರದೇ ಎಂದು ತಮಾಷೆ ಮಾಡಿದಳು. ಸುತ್ತ ಎಲ್ಲರೂ ನಕ್ಕರು. ಎಲ್ಲರೆದುರು ಕಡ್ಡಿ ಎಣಿಸುತ್ತ ಕೂರಲು ನಾಚಿಕೆಯಾಗಿ ಕೈಯನ್ನು ಚೀಲದೊಳಗೇ ಇಟ್ಟುಕೊಂಡು, ಬಾಯಲ್ಲಿ ಪಾಠದ ಮೊದಲ ಮಾತುಗಳನ್ನು ಹೇಳಿಕೊಳ್ಳುತ್ತ, ಚೆಲ್ಲಿದ ಕಡ್ಡಿಗಳೂ ಮೊದಲಿನ ಬಿಡಿ ಕಡ್ಡಿಗಳೂ ಬೆರೆತ ರಾಶಿಯಿಂದ ಎಣಿಸಿ ಹೊಸ ರಬ್ಬರು ಹಾಕಿದೆ. ರಬಾಳೆ ಸ್ಟೇಶನ್ನು ಬರುವಷ್ಟರಲ್ಲಿ ಕಟ್ಟು ಮೊದಲಿನಂತಾಗಿತ್ತು. ಹಾಗೆಂದುಕೊಂಡೆ.

ಶಾಲೆಯ ಬಾಗಿಲಲ್ಲಿ ಆ ತರಗತಿಯ ಗುರೂಜಿ ಎದುರಾದರು. ಕಲಬುರಗಿ ಕಡೆಯವರು, ನಿವೃತ್ತಿಗೆ ಹತ್ತಿರವಾದವರು.

"ಬರ್ರಿ ಅಕ್ಕೋರ. ಮಾರಿ ಯಾಕ ಹಂಗ ಬೆಳ್ಳಗ ಆಗ್ಯಾದ? ಹುಡುಗುರು ಏನ್ ನಿಮಗ ತಿನ್ನಂಗಿಲ್ಲ. ತಿಂದ್ರ ಹಿಂದ ಕುಂತ ಮೇಡಂ ತಿಂತಾರ."

ಹಿಂದೆ ಕೂತ ಮೇಡಂ ಎಂದರೆ ನನ್ನ ಪಾಠ ನೋಡಲು ಬಂದ ಪರೀಕ್ಷಕರು. ಕರಾವಳಿ ಕಡೆಯವರು. ಕೊನೆಯ ಬೆಂಚಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ನನ್ನ ವಹಿಯನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ನಿನ ಟೋಪಿ ತೆಗೆದು ಕೂತಿದ್ದರು. ಆ ತೆರೆದ ಪೆನ್ನೇ ನನ್ನನ್ನು ಹೆಚ್ಚು ಹೆದರಿಸಿತು. ಹಲಗೆಯ ಮೇಲೆ ನಲವತ್ತೆರಡು ಬರೆದೆ, ಅದರ ಕೆಳಗೆ ಹದಿನೇಳು. ನನ್ನ ಬರಹ ಓರೆಯಾಗಿ ಕೆಳಗಿಳಿದಿತ್ತು. ಒಂದು ಕಟ್ಟನ್ನು ಎತ್ತಿ ಹಿಡಿದು ಇದರಲ್ಲಿ ಎಷ್ಟು ಕಡ್ಡಿ ಎಂದು ಕೇಳಿದೆ. ಮುಂದಿನ ಸಾಲು ಕೂಗಿತು, ಹತ್ತು. ಹತ್ತು ಎಂದು ನಾನೂ ಎರಡು ಸಲ ಹೇಳಿದೆ. ಎರಡು ಬಿಡಿ ಕಡ್ಡಿಯಿಂದ ಏಳನ್ನು ತೆಗೆಯಲಾಗುವುದಿಲ್ಲ, ಆದ್ದರಿಂದ ಒಂದು ಕಟ್ಟು ಬಿಚ್ಚಬೇಕು ಎಂಬಲ್ಲಿಗೆ ಪಾಠ ಬಂದು ನಿಂತಿತು.

ಕಟ್ಟು ಬಿಚ್ಚಲು ಮುಂದಿನ ಬೆಂಚಿನ ಚುರುಕು ಹುಡುಗನನ್ನು ಕರೆಯಬೇಕೆಂದುಕೊಂಡಿದ್ದೆ. ಮೇಡಂ ಹಿಂದಿನಿಂದ, ಈ ಬೆಂಚಿನಿಂದ ಯಾರನ್ನಾದರೂ ಕರೆಯಿರಿ ಎಂದರು. ಹಾಗೆ ಒಬ್ಬ ಹುಡುಗಿ ಎದ್ದು ಬಂದಳು. ಅವಳ ತಂದೆ ತಾಯಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು, ವರ್ಷದ ನಡುವೆ ಊರಿನಿಂದ ಬಂದವರು. ಅವಳನ್ನು ಮಾತ್ರ ಕರೆಯಬೇಡಿ, ಲೆಕ್ಕದಲ್ಲಿ ಬಹಳ ಮಂದ ಎಂದು ಗುರೂಜಿ ಬೆಳಗ್ಗೆಯೇ ನನಗೆ ಹೇಳಿದ್ದರು. ಅವಳು ಮೇಜಿನ ಮೇಲಿದ್ದ ಕಟ್ಟುಗಳಲ್ಲಿ ಒಂದನ್ನು ತೆಗೆದುಕೊಂಡು ರಬ್ಬರು ಬಿಚ್ಚಿದಳು. ತುಟಿಯಲ್ಲೇ ಎಣಿಸಿದಳು. ನಿಂತಳು. ಇನ್ನೊಂದು ಸಲ ಎಣಿಸಿದಳು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದಳು.

ಮರುಕ್ಷಣ ಅವಳ ಬಲಗೈ ಎರಡು ಕಡ್ಡಿಗಳನ್ನು ಮುಷ್ಟಿಯೊಳಗೆ ಎಳೆದುಕೊಂಡಿತು. ಉಳಿದವನ್ನು ಎಡಗೈಯಿಂದ ಮುಂದೆ ತಳ್ಳಿ, "ಹತ್ತ" ಎಂದಳು.

ನನಗೆ ಆಗಲೇ ಎಲ್ಲ ತಿಳಿಯಿತು. ಅದು ರೈಲಿನಲ್ಲಿ ಕಟ್ಟಿದ ಕಟ್ಟು. ಹೆದರಿಕೆಯಲ್ಲಿ ನನ್ನ ಹೆಬ್ಬೆರಳು ಅವ್ವನ ದಾರಿ ಹಿಡಿದು ಒಂದು ಕೈ ಪೂರ್ತಿ ಎಣಿಸಿ ನಿಂತಿತ್ತು. ಹುಡುಗಿಯ ಎಣಿಕೆ ಸರಿಯಾಗಿಯೇ ಇತ್ತು. ಟೀಚರ್ ಹತ್ತು ಎಂದ ಮೇಲೆ ತನ್ನ ಹನ್ನೆರಡು ತಪ್ಪಿರಬೇಕು ಎಂದು ಅದನ್ನು ಬಚ್ಚಿಟ್ಟಿದ್ದಳು. ನನ್ನ ಹಳ್ಳಿಯ ಶಾಲೆಯಲ್ಲಿ ಗುರುಗಳ ಉತ್ತರ ನನ್ನದಕ್ಕೆ ಹೊಂದದಿದ್ದರೆ ನಾನು ಉಗುಳು ಹಚ್ಚಿ ಪಾಟಿ ಒರೆಸಿಬಿಡುತ್ತಿದ್ದೆ. ಯಾವತ್ತೂ ಕೈ ಎತ್ತಲಿಲ್ಲ.

ಇದೆಲ್ಲ ತಿಳಿದೂ ನಾನು ಸುಮ್ಮನೆ ಪಾಠ ಮುಂದುವರಿಸಿದೆ. ಹತ್ತು ಮತ್ತು ಎರಡು ಹನ್ನೆರಡು, ಅದರಲ್ಲಿ ಏಳು ಹೋದರೆ ಐದು, ಮೂರು ಕಟ್ಟಿನಲ್ಲಿ ಒಂದು ಹೋದರೆ ಎರಡು. ಇಪ್ಪತ್ತೈದು. ಮಕ್ಕಳು ಚಪ್ಪಾಳೆ ತಟ್ಟಿದರು. ಇನ್ನು ಅವಳು ಹಿಂದಿನ ಬೆಂಚಿಗೆ ಹೋಗಿ ಕೂತರೆ ಸಾಕು, ನಾನು ಪಾರಾದೆ ಎಂದುಕೊಂಡೆ.

ಆದರೆ ಮೇಡಂ ಅವಳನ್ನು ತಡೆದರು. "ಮಗು, ಕೈಯಲ್ಲಿ ಎಂತ ಉಂಟು? ತೋರಿಸು."

ಅವಳು ಮುಷ್ಟಿ ಬಿಚ್ಚಲಿಲ್ಲ. ಬಾಗಿಲ ಬಳಿ ನಿಂತಿದ್ದ ಗುರೂಜಿ ಬಂದು ಬೆರಳು ಬಿಡಿಸಿದರು. ಎರಡು ಕಡ್ಡಿ.

"ಕದಿಯಾಕ ಹತ್ತೀಯೇನ? ಆಟ ಆಡಾಕ ಬೇಕಾಗಿದ್ದವೇನ?" ಎಂದು ಗುರೂಜಿ ಅವಳ ಕಿವಿಗೆ ಕೈ ಹಾಕಿದರು. ತರಗತಿ ನಕ್ಕಿತು. ಹುಡುಗಿ ಅಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಆಗ ನಾನು ಮಾತಾಡಬೇಕಿತ್ತು. ಮಾತಾಡಲಿಲ್ಲ. ಹಲಗೆಯ ಪಕ್ಕ ನಿಂತು ನೆಲ ನೋಡಿದೆ. ಈಗ ಬಾಯಿ ತೆರೆದರೆ ಕೋರ್ಸು ಹೋಯಿತು, ಮನೆಯಲ್ಲಿ ನಿಮ್ಮಪ್ಪನಿಗೆ ಏನು ಹೇಳಲಿ, ಮಗುವಿನ ಕಿವಿ ಒಂದು ಗಳಿಗೆ ನೊಂದು ಸುಮ್ಮನಾಗುತ್ತದೆ, ಹೀಗೆಲ್ಲ ಯೋಚಿಸಿದೆ. ಎಷ್ಟು ಹೊತ್ತು ಎಂದು ಹೇಳಲಾರೆ. ನಾನು ಬಹಳ ಒಳ್ಳೆಯವಳು ಎಂದು ನೀವು ತಿಳಿದುಕೊಂಡಿದ್ದೀರಿ. ಅದಕ್ಕೇ ಈ ಮಾತನ್ನು ಬಿಡದೆ ಬರೆದಿದ್ದೇನೆ.

ಹುಡುಗಿಯೇ ಮೊದಲು ಬಾಯಿಬಿಟ್ಟಳು. "ಹನ್ನೆರಡ ಬಂದ್ವುರಿ. ಅಕ್ಕೋರು ಹತ್ತ ಅಂದಿದ್ರು. ನಂದ ತಪ್ಪಿರಬೇಕಂತ ತಕ್ಕೊಂಡೆ."

"ಆಕಿದು ತಪ್ಪಲ್ರಿ," ಎಂದೆ. ಪರೀಕ್ಷಕರೆದುರು ಪುಸ್ತಕದ ಕನ್ನಡವನ್ನೇ ಆಡಬೇಕೆಂದು ನಮಗೆ ಹೇಳಿಕೊಟ್ಟಿದ್ದರು. ಬಂದದ್ದು ನನ್ನ ಊರಿನ ಮಾತು, ಅದೂ ನನಗೇ ಅಂಜಿಕೆಯಾಗುವಷ್ಟು ಜೋರಾಗಿ. "ಕಟ್ಟು ತಪ್ಪು ಕಟ್ಟಿದಾಕಿ ನಾನು. ಆಕಿ ಬರೋಬ್ಬರಿ ಎಣಿಸ್ಯಾಳ. ಕಿವಿ ಬಿಡ್ರಿ."

ಗುರೂಜಿ ಕೈ ತೆಗೆದರು. ಹೇಗೆ ತಪ್ಪಾಯಿತು ಎಂದು ಮೇಡಂ ಕೇಳಿದರು. ನಾನು ಕೈ ಎತ್ತಿ, ಹೆಬ್ಬೆರಳಿನಿಂದ ಗೆರೆ ಮುಟ್ಟುತ್ತ ಹನ್ನೆರಡರವರೆಗೆ ಎಣಿಸಿ ತೋರಿಸಿದೆ. ಉಳಿದ ಕಟ್ಟುಗಳಲ್ಲಾದರೂ ಹತ್ತೇ ಇವೆಯೆಂದು ಏನು ಗ್ಯಾರಂಟಿ ಎಂದು ಅವರು ಕೇಳಿದರು. ಗ್ಯಾರಂಟಿ ನನ್ನಲ್ಲಿರಲಿಲ್ಲ. ಮೂರನ್ನೂ ಆ ಹುಡುಗಿಯ ಮುಂದಿಟ್ಟು ಎಲ್ಲರಿಗೂ ಕೇಳುವಂತೆ ಎಣಿಸು ಎಂದೆ. ಅವಳು ಒಂದೊಂದೇ ಕಡ್ಡಿ ಇಟ್ಟಳು. ಒಂಬತ್ತು ಎಂದಾಗಲೆಲ್ಲ ಇನ್ನೆಷ್ಟು ಉಳಿದಿವೆ ಎಂದು ಅವಳ ಕೈಯತ್ತ ಬಗ್ಗಿ ನೋಡುತ್ತಿದ್ದೆ. ಮೂರರಲ್ಲೂ ಹತ್ತೇ ಇದ್ದವು. ಆಮೇಲೆ ಅವಳೇ ಇಡೀ ಲೆಕ್ಕವನ್ನು ಮೊದಲಿನಿಂದ ಮಾಡಿದಳು. ಈ ಸಲ ಮುಷ್ಟಿಯಲ್ಲಿ ಏನೂ ಇರಲಿಲ್ಲ. ಇಪ್ಪತ್ತೈದು ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು.

ಮೇಡಂ ನಿಂತುಕೊಂಡೇ ಏನೋ ಬರೆದು, ವಹಿ ಮುಚ್ಚಿ ಕೊಟ್ಟು ಹೋದರು. ಅಲ್ಲಿ ತೆರೆಯುವ ಧೈರ್ಯ ನನಗಾಗಲಿಲ್ಲ. ತುರ್ಭೆ ಸ್ಟೇಶನ್ನಿನಲ್ಲೂ ಆಗಲಿಲ್ಲ, ಒಂದು ಗಾಡಿಯನ್ನು ಹಾಗೆಯೇ ಬಿಟ್ಟೆ. ಮುಂದಿನ ಗಾಡಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಕೋಪರಖೈರಣೆ ದಾಟಿದ ಮೇಲೆ ತೆರೆದೆ. ಎರಡೇ ಸಾಲು. 'ಪಾಠದ ಸಾಮಗ್ರಿಯನ್ನು ಮೊದಲೇ ಪರೀಕ್ಷಿಸಿಲ್ಲ. ಧ್ವನಿ ಕೊನೆಯ ಬೆಂಚಿಗೆ ಕೇಳಿಸುತ್ತದೆ.' ಅದರ ಕೆಳಗೆ ಪಾಸಿಗೆ ಬೇಕಾದಷ್ಟೇ ಅಂಕ, ಒಂದೂ ಹೆಚ್ಚಿಲ್ಲ.

ಸಂತೋಷವಾಗಬೇಕಿತ್ತು. ನನಗೆ ಬಂದದ್ದು ಇನ್ನೊಂದು ಹೆದರಿಕೆ. ಇನ್ನು ನಾನು ನಿಜಕ್ಕೂ ಟೀಚರ್ ಆಗುತ್ತೇನೆ, ನಾನು ಹತ್ತು ಎಂದರೆ ನಲವತ್ತು ಮಕ್ಕಳು ತಮ್ಮ ಹನ್ನೆರಡನ್ನು ಮುಷ್ಟಿಯೊಳಗೆ ಬಚ್ಚಿಡುತ್ತಾರೆ. ಆ ಹೆದರಿಕೆ ನಾನು ಕಲಿಸಿದಷ್ಟು ವರ್ಷವೂ ನನ್ನ ಜೊತೆ ತರಗತಿಗೆ ಬಂತು.

ವಹಿ ಒಳಗಿಟ್ಟು, ಚೀಲದಿಂದ ಕಡ್ಡಿಗಳನ್ನೆಲ್ಲ ತೆಗೆದು ಮಡಿಲಲ್ಲಿ ಸುರಿದುಕೊಂಡೆ. ಎದುರಿಗೆ ಕೂತ ಹೆಂಗಸರು ನೋಡಿದರು. ನೋಡಲಿ ಎಂದು ಒಂದೊಂದೇ ಕಡ್ಡಿಯನ್ನು ಈ ತೊಡೆಯಿಂದ ಆ ತೊಡೆಗೆ ಇಡುತ್ತ, ನನಗೆ ಕೇಳುವಂತೆ ಬಾಯಿಬಿಟ್ಟು ಎಣಿಸಿದೆ. ಠಾಣೆ ಬರುವ ಹೊತ್ತಿಗೆ ನಾಲ್ಕು ಕಟ್ಟಾಗಿತ್ತು. ನಾಲ್ಕನೆಯದನ್ನು ಬಿಚ್ಚಿ ಇನ್ನೊಮ್ಮೆ ಎಣಿಸಿದೆ.