ಜುಟ್ಟು ಬಿಟ್ಟು ಸುಲಿದ ಕಾಯಿ

ಹಗರೆಯಲ್ಲಿ ನೆಂಟರ ಮನೆಯ ಗೃಹಪ್ರವೇಶದ ಊಟಕ್ಕೆ ಕೂತಿದ್ದಾಗ ನನ್ನ ನಾದಿನಿ ಇಡೀ ಪಂಕ್ತಿಗೆ ಕೇಳುವಂತೆ ಅಂದಳು: "ನಮ್ಮತ್ಗೆಮ್ಮ ಇಮಾನ ಹತ್ಕೊಂಡು ಮಂಗಕ್ಕೆ ಕಾಯಿ ಸುಲ್ಕೊಡಾಕ್ ಹೋಗಿದ್ರು ಕಣ್ರೀ! ಅರೇಹಳ್ಳಿ ಕಡೆ ಆನೆ ಬಂದು ತೋಟ ತುಳೀತಾವೆ, ಅದುನ್ನ ಕೇಳೋರಿಲ್ಲ. ಇವ್ರು ಸಮುದ್ರ ದಾಟಿ ಕೋತಿ ಸೇವೆ ಮಾಡ್ಕಂಡ್ ಬಂದ್ರು."

ಎಲ್ಲರೂ ನಕ್ಕರು. ನನ್ನ ಬಾಯಿ ತುಂಬ ಹೋಳಿಗೆ ಇತ್ತು, ಇಲ್ಲದಿದ್ದರೆ ಅಲ್ಲೇ ಉತ್ತರ ಕೊಡುತ್ತಿದ್ದೆ. ಊಟ ಮುಗಿಯುವ ಹೊತ್ತಿಗೆ ಮಾತು ಬೇರೆ ಕಡೆ ಹೋಗಿತ್ತು. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾಗುಣಿತ ತಪ್ಪಿದರೆ ಮೊಮ್ಮಗಳು ತಿದ್ದುತ್ತಾಳೆ.

ಮೊದಲನೆಯದಾಗಿ, ಅದು ಮಂಗವಲ್ಲ. ಅದಕ್ಕೆ ಬಾಲವೇ ಇಲ್ಲ. ಮೈತುಂಬ ಕೆಂಪು ಕೂದಲು, ಮೊಣಕಾಲು ದಾಟುವ ಕೈ, ನಮ್ಮನ್ನು ಅಳೆದು ನೋಡುವಂಥ ಕಣ್ಣು. ಒರಾಂಗುಟಾನ್ ಎನ್ನುತ್ತಾರೆ. ಹಾರನಹಳ್ಳಿಯ ನಮ್ಮ ತೋಟದಲ್ಲಿ ಎಳನೀರು ಕಚ್ಚಿ ಉದುರಿಸುವ ಕೋತಿಗಳಿಗೆ ನಾನೂ ಕಲ್ಲು ಬೀಸಿದವಳೇ. ಮಂಗ ಯಾವುದು, ಅಲ್ಲದ್ದು ಯಾವುದು ಎಂದು ನನಗೆ ನಾದಿನಿ ಹೇಳಿಕೊಡಬೇಕಾಗಿಲ್ಲ.

ನನ್ನ ಮೊಮ್ಮಗಳು ಪ್ರಾಣಿಗಳ ಡಾಕ್ಟರು. ಡಾಕ್ಟರು! ಈ ಮಾತನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಬೋರ್ನಿಯೋ ಎಂಬ ದ್ವೀಪದಲ್ಲಿ, ದಿನವೂ ಮಳೆ ಸುರಿಯುವ ದೊಡ್ಡ ಕಾಡಿನ ಅಂಚಿನಲ್ಲಿ ಒಂದು ಕೇಂದ್ರವಿದೆ. ಗಾಯವಾದ, ತಬ್ಬಲಿಯಾದ ಪ್ರಾಣಿಗಳನ್ನು ಸುಧಾರಿಸಿ ತಿರುಗಿ ಕಾಡಿಗೆ ಬಿಡುವುದು ಅಲ್ಲಿಯ ಕೆಲಸ. ನಾನಾ ದೇಶದವರು ಸಂಬಳ ಕೇಳದೆ ಬಂದು ಅಲ್ಲಿ ಹಣ್ಣು ಹೆಚ್ಚುತ್ತಾರೆ, ಬಕೆಟ್ ತೊಳೆಯುತ್ತಾರೆ. "ನೀನೂ ಒಂದು ತಿಂಗಳು ಬಾ ಅಜ್ಜಿ, ನಿನ್ನಷ್ಟು ಬೇಗ ಕಾಯಿ ಸುಲಿಯೋರು ಇಲ್ಲಿಲ್ಲ" ಎಂದು ಅವಳು ಫೋನಿನಲ್ಲಿ ಕರೆದಳು. ಆ ದಿನ ಅರಸೀಕೆರೆಯ ಬಸ್ಸಿನಲ್ಲಿ ಪಕ್ಕ ಕೂತವಳಿಗೆ ಹೇಳಿದೆ, ಕಂಡಕ್ಟರಿಗೆ ಹೇಳಿದೆ, ಹಿಟ್ಟಿನ ಗಿರಣಿಯವನಿಗೂ ಹೇಳಿದೆ.

ಹೋಗುವ ಮುಂಚೆ ಸೂಜಿ ಚುಚ್ಚಿದರು, ಎದೆಯ ಫೋಟೋ ತೆಗೆದರು. ಅಲ್ಲಿಂದ ನನಗೆ ಕಾಯಿಲೆ ಬಾರದಿರಲಿ ಎಂದುಕೊಂಡರೆ, ಅಲ್ಲವಂತೆ. ನನ್ನಿಂದ ಅವುಗಳಿಗೆ ಬರಬಾರದಂತೆ! ಮೂರು ಹೊತ್ತು ವಿಭೂತಿ ಧರಿಸುವ, ಸ್ನಾನ ಮಾಡದೆ ಒಲೆ ಮುಟ್ಟದ ನನ್ನಿಂದ! ಸಿಟ್ಟು ಅಲ್ಲಿಂದಲೇ ಶುರುವಾಯಿತು ಅನ್ನಿ.

ಅಲ್ಲಿ ಏಳು ವರ್ಷದ ಒಂದು ಹೆಣ್ಣುಮರಿ ಇತ್ತು. ಹೆಸರಿಟ್ಟು ಕರೆಯಬಾರದೆಂದು ಹೇಳಿದ್ದರು. ನಾನು ಮನಸ್ಸಿನಲ್ಲೇ ಕೂಸು ಅಂದೆ. ಯಾರೋ ಒಂದು ಮನೆಯವರು ಅವಳನ್ನು ಸಾಕಿದ್ದರಂತೆ. ಸಾಕಿದ್ದರಂತೆ! ತಾಯಿಯನ್ನು ಕೊಂದು ಎದೆಯಿಂದ ಕಿತ್ತು ತಂದವನ ಕೈಯಿಂದ ಕೊಂಡು, ಕುತ್ತಿಗೆಗೆ ಸರಪಳಿ ಹಾಕಿ, ಫ್ರಾಕು ತೊಡಿಸಿ, ಬಾಟಲಿ ಜ್ಯೂಸು ಕುಡಿಸಿ, ಬಂದವರ ಪಕ್ಕ ಕೂರಿಸಿ ಫೋಟೋ ತೆಗೆಯುವುದಕ್ಕೆ ಸಾಕುವುದು ಎನ್ನುತ್ತಾರೆಯೇ? ನಾವೂ ಎಮ್ಮೆ ಸಾಕಿದ್ದೇವೆ. ಕರು ಹಾಕಿದ ಎಮ್ಮೆ ಅದನ್ನು ನೆಕ್ಕಿ ಮುಗಿಸುವ ತನಕ ಹತ್ತಿರ ಸುಳಿಯುವುದಿಲ್ಲ. ಸರಪಳಿ ಇದ್ದ ಜಾಗದಲ್ಲಿ ಕೂಸಿಗೆ ಇನ್ನೂ ಕೂದಲು ಬಂದಿರಲಿಲ್ಲ. ಅದನ್ನು ನೋಡಿದಾಗೆಲ್ಲ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು.

ನನ್ನ ಕೆಲಸ ಕೊಟ್ಟಿಗೆಯಂಥ ಒಂದು ಚಾವಣಿಯ ಕೆಳಗೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆ ನಮ್ಮ ತೋಟದಲ್ಲಿರುವಂಥದ್ದೇ. ಬಾಯಿಗೆ ಮಾಸ್ಕು, ಕೈಗೆ ಗ್ಲೌಸು ಹಾಕಿಕೊಂಡು ಕಾಯಿ ಸುಲಿದು, ಒಂದೊಂದು ಗೂಡಿನ ಕಿಂಡಿಗೆ ಬುಟ್ಟಿ ಸರಿಸಬೇಕು. ಮಾತಾಡುವಂತಿಲ್ಲ, ಮುಟ್ಟುವಂತಿಲ್ಲ. ನೋಡಿದರೆ, ಕೂಸಿನ ಬುಟ್ಟಿಗೆ ಮಾತ್ರ ಸುಲಿಯದ ಕಾಯಿ ಹಾಕಿಟ್ಟಿದ್ದರು. ಕೆಲಸಗಳ್ಳರು ಎಂದುಕೊಂಡೆ. ಹೆಣ್ಣುಮಗಳ ಮುಂದೆ ಯಾರಾದರೂ ಸಿಪ್ಪೆಕಾಯಿ ಇಡುತ್ತಾರೆಯೇ? ಅವುಗಳನ್ನೂ ಸುಲಿದೆ. ನಮ್ಮ ಕಡೆ ಕಾಯಿಯನ್ನು ಪೂರ್ತಿ ಬೋಳಿಸುವುದಿಲ್ಲ; ಮೂರು ಕಣ್ಣು ಮುಚ್ಚುವಷ್ಟು ನಾರು ಬಿಡುತ್ತೇವೆ. ದೇವರಿಗೆ ಒಡೆಯಲಿ, ಮಡಿಲಿಗೆ ಹಾಕಲಿ, ಜುಟ್ಟಿಲ್ಲದ ಕಾಯಿ ನಡೆಯುವುದಿಲ್ಲ. ಕೂಸಿಗೂ ಅಂದವಾಗಿ ಜುಟ್ಟು ಬಿಟ್ಟೆ.

ಅವಳು ಆ ಜುಟ್ಟನ್ನೇ ಹಿಡಿದು ಕಾಯಿಯನ್ನು ತಿರುಗಿ ಕಿಂಡಿಗೆ ತಂದಳು. ಒಡೆದುಕೊಡು ಎಂದು! ಒಡೆದುಕೊಟ್ಟೆ. ತುಟಿ ಮುಂದೆ ಚಾಚಿ ನೀರು ಹೀರಿದಳು. "ಕುಡಿಯವ್ವಾ" ಎಂದು ಮಾಸ್ಕಿನೊಳಗೇ ಅಂದೆ. ಎಂಟು ದಿನ ಹೀಗೇ ನಡೆಯಿತು. ಆ ಎಂಟು ದಿನದಲ್ಲಿ ನನ್ನಷ್ಟು ಸುಖವಾಗಿದ್ದವರು ಆ ದ್ವೀಪದಲ್ಲಿ ಇರಲಿಕ್ಕಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಎಲ್ಲರನ್ನೂ ಸೇರಿಸಿದರು. ಮರಿಗಳನ್ನು ನೋಡಿಕೊಳ್ಳುವ ಹಿರಿಯಳು ಆ ದೇಶದವಳೇ, ನನ್ನ ವಯಸ್ಸಿನವಳು. ನಾನು ಸುಲಿದ ಒಂದು ಕಾಯಿಯನ್ನು ಜುಟ್ಟು ಹಿಡಿದು ಎತ್ತಿ, ಯಾರದು ಎಂಬಂತೆ ಎಲ್ಲರ ಮುಖ ನೋಡಿದಳು. ಎಷ್ಟು ದೇಶದವರು ನಿಂತಿದ್ದರು! ನಾನು ಸೆರಗು ಸರಿಮಾಡಿಕೊಂಡು, ಎದೆ ಸೆಟೆಸಿ, ಕೈ ಎತ್ತಿದೆ.

"ಅಜ್ಜಿ, ಕೈ ಇಳ್ಸು" ಅಂದಳು ಮೊಮ್ಮಗಳು.

"ಯಾಕೇ? ನಾನೇ ತಾನೆ ಸುಲ್ದಿದ್ದು."

"ಅವ್ರು ಹೊಗಳ್ತಿಲ್ಲ ಅಜ್ಜಿ. ಆ ಮರಿ ಕಾಯಿ ಬಿಚ್ಚೋ ಪ್ರಯತ್ನಾನೇ ಬಿಟ್ಟಿದೆ. ಯಾರಾದ್ರೂ ಸುಲ್ಕೊಡ್ತಾರೆ ಅಂತ ಕಿಂಡಿ ಹತ್ರ ಕೂತಿರತ್ತೆ. ಈ ತಿಂಗಳು ನದಿ ಆಚೆ ಕಾಡಿಗೆ ಕಳಿಸೋ ಪಟ್ಟೀಲಿ ಅದೂ ಇತ್ತು. ಗೂಡು ಕಟ್ಟೋದು ಕಲ್ತಿದೆ, ಗೆದ್ದಲು ಹುಡುಕ್ಕೊಂಡು ತಿನ್ನೋದು ಕಲ್ತಿದೆ. ಗಟ್ಟಿ ಸಿಪ್ಪೆ ಬಿಚ್ಚೋದು ಒಂದೇ ಬಾಕಿ. ಈಗ ಪಟ್ಟಿಯಿಂದ ತೆಗೀಬೇಕು ಅಂತಿದಾರೆ."

"ನಾನೇನು ಇಸ ಹಾಕಿದ್ನಾ? ಕಾಯಿ ಸುಲ್ಕೊಟ್ಟೆ ಕಣೇ! ನಿನ್ನೂ ಹಂಗೇ ಕೊಟ್ಟು ಬೆಳ್ಸಿದ್ದು."

"ನಾನು ಮರದ ಮೇಲೆ ಬದುಕ್ಬೇಕಿರ್ಲಿಲ್ಲ."

"ಹಸ್ದಿರೋ ಮಗೀನ ಮುಂದೆ ಸಿಪ್ಪೆಕಾಯಿ ಎಸ್ದು, ದೂರ ನಿಂತ್ಕಂಡು ಬರ್ಕೊಳ್ಳೋ ವಿದ್ಯೆ ನಂಗೆ ಬರಾಕಿಲ್ಲ ತಾಯಿ. ನಿಮ್ದು ನೀವೇ ಇಟ್ಕಳಿ."

ಅವಳು ದನಿ ತಗ್ಗಿಸಿದಳು. "ಸರಪಳಿ ಹಾಕಿದ್ರಲ್ಲ, ಅವ್ರೂ ಪ್ರೀತಿಯಿಂದಾನೇ ಜ್ಯೂಸ್ ಕುಡಿಸ್ತಿದ್ರು ಅಜ್ಜಿ."

ನಾನು ಎತ್ತಿ ಆಡಿಸಿದ ಮಗು, ಆ ಪಾಪಿಗಳ ಪಕ್ಕದಲ್ಲಿ ನನಗೂ ಒಂದು ಎಲೆ ಹಾಕಿದಳು! ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಕೂಸಿನ ಕಣ್ಣಿಗೆ ಬೀಳಬಾರದೆಂದು ನನ್ನನ್ನು ಹಿಂದುಗಡೆ ಬಕೆಟ್ ತೊಳೆಯಲು ಹಾಕಿದರು. ಸೂತಕದವಳನ್ನು ಹೊರಗಿಟ್ಟ ಹಾಗೆ. ಒಂದೊಂದು ಬಕೆಟ್ಟಿಗೂ ನನ್ನ ದೂರು ಹೇಳಿಕೊಂಡೇ ಉಜ್ಜಿದೆ. ಮೂರನೆಯ ದಿನ ಆ ಹಿರಿಯಳು ಬಂದು ಪಕ್ಕದಲ್ಲಿ ಕೂತು ಇನ್ನೊಂದು ಬ್ರಷ್ ತೆಗೆದುಕೊಂಡಳು. ನಾನು ಕನ್ನಡದಲ್ಲಿ ಬೈದೆ. ಅವಳು ತನ್ನ ಭಾಷೆಯಲ್ಲಿ ಬೈದಳು. ಇಬ್ಬರಿಗೂ ಒಂದಕ್ಷರ ತಿಳಿಯಲಿಲ್ಲ, ಆದರೂ ಯಾರೂ ಸೋಲಲಿಲ್ಲ. ಕೊನೆಗೆ ಅವಳು ತನ್ನ ಕುತ್ತಿಗೆಯ ಸುತ್ತ ಬೆರಳಾಡಿಸಿ ತೋರಿಸಿದಳು, ಆಮೇಲೆ ನದಿಯ ಕಡೆ ಕೈ ಮಾಡಿದಳು. ನನ್ನ ಮೊಣಕೈ ಹಿಡಿದು ಎಬ್ಬಿಸಿದಳು.

ಮರಿಗಳನ್ನು ಮರೆಯಿಂದ ನೋಡಲು ಗರಿ ಹೆಣೆದು ಕಟ್ಟಿದ ತಡಿಕೆ ಒಂದಿತ್ತು. ಅದರ ಸಂದಿಯಲ್ಲಿ ನೋಡಿದೆ. ಮೊಮ್ಮಗಳು ಮೊದಲೇ ಬಂದು ಕೂತಿದ್ದಳು. ಕೂಸು ಸಿಪ್ಪೆಕಾಯಿ ತೆಗೆದುಕೊಂಡು ಕಿಂಡಿಗೆ ಬಂದಳು. ತಟ್ಟಿದಳು. ಕಾಯಿಯನ್ನು ಕಿಂಡಿಯೊಳಗೆ ತೂರಿಸಿ ಹಿಡಿದು, ಬಗ್ಗಿ ಆಚೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು. ಯಾರೂ ಇರಲಿಲ್ಲ. ಮತ್ತೆ ತಟ್ಟಿದಳು. ಹಾಗೇ ಕಾಯುತ್ತ ಕೂತಳು.

ಅದನ್ನು ನೋಡಿದ ಮೇಲೆ ನನಗೆ ಯಾರೂ ಬುದ್ಧಿ ಹೇಳಬೇಕಾಗಲಿಲ್ಲ. ಅಷ್ಟು ದಿನ ಸರಪಳಿ ಹಾಕಿದವರ ಮೇಲೆ, ಕೇಂದ್ರದವರ ಮೇಲೆ, ಮೊಮ್ಮಗಳ ಮೇಲೆ ಹರಿಸಿದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂತು. ಭಿಕ್ಷೆ ಬೇಡುವುದನ್ನು ಕಲಿಸಿದ್ದೆ ನಾನು.

ಆ ದಿನ ಅವಳು ಬಿಚ್ಚಲಿಲ್ಲ. ಮರುದಿನವೂ ಇಲ್ಲ. ನಾಲ್ಕನೆಯ ದಿನ ಕಾಯಿಯನ್ನು ಸಿಟ್ಟಿನಿಂದ ನೆಲಕ್ಕೆ ಬಡಿದಳು, ಮೇಲೆ ಹತ್ತಿ ಹೋದಳು, ಇಳಿದು ಬಂದಳು, ಹಲ್ಲು ಹಾಕಿದಳು. ಹಾಕಿದ್ದು ತಪ್ಪು ಜಾಗಕ್ಕೆ! ತೊಟ್ಟಿನ ಕಡೆಯಿಂದ ಎಳಿಯೇ ಎಂದು ಕೂಗುವುದೊಂದು ಬಾಕಿ. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಒಂದು ಎಳೆ ಬಂತು. ಇನ್ನೊಂದು ಬಂತು. ನಾನು ಎರಡು ನಿಮಿಷದಲ್ಲಿ ಮಾಡುವ ಕೆಲಸವನ್ನು ಅವಳು ಅರ್ಧ ಬೆಳಗು ಮಾಡಿದಳು. ಕೊನೆಗೆ ಕಾಯಿಯ ಕಣ್ಣಿಗೆ ಬೆರಳು ತೂರಿಸಿ ತಲೆಯ ಮೇಲೆ ಎತ್ತಿದಳು.

"ಅಜ್ಜಿ, ನೋಡಿದ್ಯಾ?" ಮೊಮ್ಮಗಳು ನನ್ನ ತೋಳು ಹಿಡಿದು ಅಲುಗಿಸಿದಳು.

"ಅರ್ಧ ನೀರು ಹೊಟ್ಟೆ ಮೇಲೆ ಚೆಲ್ಕಂಡ್ಳು ಕಣೇ, ದಂಡ!" ಎಂದು ಬೈದೆ. ನನ್ನ ಕೆನ್ನೆಯೂ ಒದ್ದೆಯಾಗಿತ್ತು.

ಕೂಸನ್ನು ತಿರುಗಿ ಪಟ್ಟಿಗೆ ಸೇರಿಸಿದರು. ದೋಣಿಯಲ್ಲಿ ನದಿ ದಾಟಿಸುವ ದಿನ ಎಲ್ಲರೂ ದಂಡೆಗೆ ಹೋದರು. ಮೊಮ್ಮಗಳು "ಬಾ ಅಜ್ಜಿ, ದೂರದಿಂದ ನೋಡ್ಬೋದು" ಅಂದಳು. ನಾನು ಹೋಗಲಿಲ್ಲ. ನನ್ನ ಮುಖ ಕಂಡರೆ ಕೈ ಚಾಚಿಯಾಳು. ದೋಣಿಯ ಸದ್ದು ನಿಲ್ಲುವ ತನಕ ಹಿಂದುಗಡೆಯೇ ಕೂತು ಒಂದೇ ಬಕೆಟ್ಟನ್ನು ಉಜ್ಜಿದೆ. ಅದರ ಬಣ್ಣವೇ ಹೋಯಿತು ಎಂದು ಸಂಜೆ ಬೈಸಿಕೊಂಡೆ.